ಅಳಿಯನ ಟೋಪಿ, ಅತ್ತೆಯ ಗುಮಾನಿ

ನಮ್ಮ ವಿಮಾನದ ಮೈದಾನದಲ್ಲಿ ಹಾರಾಟ ಕಲಿಸುವ ಹೆಂಗಸನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಆಕೆ ನಿಜಕ್ಕೂ ಅತ್ತೆಯಾದದ್ದು ಹಲ್ಲಿನ ಡಾಕ್ಟರನೊಬ್ಬನಿಗೆ ಮಾತ್ರ. ಉಳಿದವರಿಗೆ ಆ ಭಾಗ್ಯ ಬಿಟ್ಟಿಯಾಗಿ ಸಿಕ್ಕಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಟ್ಟಿದವನು ಆಕೆಯ ಹತ್ತಿರವೇ ಪಾಠ ಹೇಳಿಸಿಕೊಂಡಿರಬೇಕು. ಸೂರ್ಯ ಹುಟ್ಟಿದರೂ ದಿಕ್ಸೂಚಿ ನೋಡಿ, ಅದು ಪೂರ್ವವೇ ಎಂದು ಖಾತ್ರಿಯಾದ ಮೇಲೆಯೇ ಬೆಳಗಾಯಿತೆಂದು ಒಪ್ಪುವಳು. ಪೆಟ್ರೋಲಿನ ಮುಳ್ಳು ತುಂಬಿದೆ ಎಂದರೆ ಟ್ಯಾಂಕಿಗೆ ಕೋಲು ಇಳಿಸುವಳು; ಆಮೇಲೆ ಕೋಲನ್ನೂ ಅನುಮಾನಿಸುವಳು. ಗಂಡ ಮೆಕ್ಯಾನಿಕ್. ಮದುವೆಗೆ ಮುಂಚೆ ಅವನು ಬಿಗಿದ ಬೋಲ್ಟುಗಳನ್ನೆಲ್ಲ ತಾನೇ ತಿರುಗಿಸಿ ನೋಡಿ, ಸಡಿಲವಿಲ್ಲ ಎಂದಾದ ಮೇಲೆ ಹೂಂ ಅಂದವಳು. ಹರೆಯದಲ್ಲಿ ಒಮ್ಮೆ ಮುಳ್ಳು ಸುಳ್ಳು ಹೇಳಿ, ಎಂಜಿನ್ ಆಕಾಶದಲ್ಲೇ ನಿಂತಿತ್ತಂತೆ. ವಿಮಾನ ಹುಲ್ಲುಗಾವಲಿನಲ್ಲಿ ಒಂದು ಎತ್ತಿನ ಬೆನ್ನ ಮೇಲೆ ಇಳಿಯಿತೆಂದೂ, ಗಾಬರಿಯಾದ ಎತ್ತು ಮೈದಾನದ ತನಕ ಹೊತ್ತು ತಂದಿತೆಂದೂ ಹೇಳುತ್ತಾರೆ. ಹೇಳುವವರಲ್ಲಿ ನಾನೇ ಮೊದಲಿಗ.

ನಮ್ಮದು ವಿಮಾನಗಳಿಗೆ ಅಪ್ಪಣೆ ಕೊಡುವ ಗೋಪುರವಿಲ್ಲದ ಮೈದಾನ. ಒಂದು ಡಾಂಬರು ಪಟ್ಟಿ, ಗಾಳಿಯ ದಿಕ್ಕು ತೋರಿಸುವ ಪಟ್ಟೆಪಟ್ಟೆ ಚೀಲ, ನಾನು ಕೂತು ರೇಡಿಯೋ ಕೇಳುವ ತಗಡಿನ ಕೋಣೆ, ಅಷ್ಟೇ. ಹಾರುವುದಕ್ಕೆ ಎರಡು ಬಗೆಯ ನಿಯಮ. ಒಂದು ಕಣ್ಣಿನದು: ನೆಲ ಕಾಣುತ್ತಿರಬೇಕು, ಮೋಡದಿಂದ ದೂರವಿರಬೇಕು, ಎದುರು ಬರುವವನನ್ನು ನೀನೇ ನೋಡಿ ತಪ್ಪಿಸಿಕೊಳ್ಳಬೇಕು. ಇನ್ನೊಂದು ಉಪಕರಣಗಳದು: ಮೋಡದೊಳಗೆ ನುಗ್ಗಬಹುದು, ಆದರೆ ದೂರದ ದೊಡ್ಡ ನಿಲ್ದಾಣದವರ ಅಪ್ಪಣೆ ಪಡೆದು, ಎದುರಿನ ಮುಳ್ಳುಗಳನ್ನಷ್ಟೇ ನಂಬಿ. ಮೋಡದಲ್ಲಿ ಕಿವಿ, ಸೊಂಟ, ಹೊಟ್ಟೆ ಎಲ್ಲವೂ ಸುಳ್ಳುಬುರುಕರೇ. ವಿಮಾನ ವಾಲಿಕೊಂಡು ಸುತ್ತುತ್ತಿದ್ದರೂ ನೇರ ಹೋಗುತ್ತಿದ್ದೇವೆಂದು ಆಣೆ ಹಾಕುತ್ತವೆ.

ಅಳಿಯನಿಗಿದ್ದದ್ದು ಕಣ್ಣಿನ ಪರವಾನಗಿ. ಅವನು ಗುಡ್ಡದಾಚೆ ಇನ್ನೊಂದು ಕ್ಲಿನಿಕ್ ತೆರೆದ. ಗುಡ್ಡದ ನೆತ್ತಿಯಲ್ಲೋ, ಮೋಡ ಮನೆ ಬಿಡಲೊಲ್ಲದ ಬಾಡಿಗೆದಾರನ ಹಾಗೆ ಸದಾ ಕೂತಿರುತ್ತಿತ್ತು. ಅದನ್ನು ದಾಟಲು ಎರಡನೇ ಪರವಾನಗಿ ಬೇಕು. ಪರೀಕ್ಷೆಗೆ ಕಳಿಸಲು ಅತ್ತೆ ಹೂಂ ಅನ್ನಬೇಕು. ಕ್ಲಿನಿಕ್ಕಿಗೆ ಬಂದವರನ್ನು ವಿಚಾರಿಸಿಕೊಳ್ಳುವವಳು ಅವನ ಹೆಂಡತಿ. ವಾರವಾರ ಗುಡ್ಡ ದಾಟುವಾಗ ಪಕ್ಕದ ಸೀಟಿನಲ್ಲಿ ಕೂರಬೇಕಾದವಳೂ ಅವಳೇ. ಅತ್ತೆಗೆ ಇದ್ದದ್ದು ಅವಳೊಬ್ಬಳೇ ಮಗಳು.

ಪಾಠಕ್ಕೆ ಉದ್ದ ಮೂತಿಯ ಒಂದು ಪ್ಲಾಸ್ಟಿಕ್ ಟೋಪಿ ಉಂಟು. ಅದನ್ನು ಹಾಕಿಕೊಂಡರೆ ಹೊರಗೇನೂ ಕಾಣದು, ಮುಳ್ಳುಗಳಷ್ಟೇ ಕಾಣುತ್ತವೆ. ಹೊರಗೆ ನೋಡುವ ಕೆಲಸ ಕಲಿಸುವವರದು. ಮೊದಮೊದಲು ಟೋಪಿ ಹಾಕಿದವರ ವಿಮಾನ ಕುಡುಕನ ಸೈಕಲ್ಲಿನಂತೆ ಹೋಗುವುದು ರೂಢಿ. ಅಳಿಯನದು ಮೊದಲ ದಿನವೇ ಗೆರೆ ಎಳೆದ ಹಾಗೆ ಹೋಯಿತು.

ಅತ್ತೆ ಇಳಿದು ಬಂದವಳೇ ನನ್ನ ಕೋಣೆಗೆ ನುಗ್ಗಿದಳು.

“ಇವನು ಕದ್ದು ನೋಡ್ತಾನೆ.”

“ಚೆನ್ನಾಗಿ ಕಲೀತಿದಾನೆ ಅನ್ಬಾರ್ದಾ?”

“ಅಷ್ಟು ಚೆನ್ನಾಗಿ ನಾನೇ ಕಲೀಲಿಲ್ಲ!”

ಮರುದಿನ ಟೋಪಿಯ ಮೂತಿಗೆ ರಟ್ಟು ಅಂಟಿಸಿದಳು. ವಿಮಾನ ನೇರವೇ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಮಗಳು ಒಮ್ಮೆ ಕೆಮ್ಮಿದಳು. ಒಂದು ಕೆಮ್ಮಿಗೆ ಎಡ, ಎರಡಕ್ಕೆ ಬಲ ಎಂಬ ಒಳಸಂಚು ಇರಬಹುದೆಂದು ಅವಳನ್ನು ಇಳಿಸಿದಳು. ಆಗಲೂ ನೇರ. ಆಮೇಲೆ ಅಳಿಯ ಪದೇ ಪದೇ ತೊಡೆಯತ್ತ ಕಣ್ಣು ಹಾಯಿಸುವುದು ಕಂಡು, ಇಳಿದ ಮೇಲೆ ನನ್ನ ಮುಂದೆಯೇ ಜೇಬು ಖಾಲಿ ಮಾಡಿಸಿದಳು. ಉದ್ದ ಹಿಡಿಯ ಪುಟ್ಟ ಕನ್ನಡಿ ಹೊರಬಂತು!

“ಏನಿದು ಅಳಿಯಂದಿರೇ?”

“ಬಾಯೊಳಗೆ ನೋಡೋದು ಅತ್ತೆ. ನಿನ್ನೆ ಕ್ಲಿನಿಕ್ಕಿಂದ ಹಾಗೇ ಜೇಬಲ್ಲಿ ಬಂದ್ಬಿಟ್ಟಿದೆ.”

“ಟೋಪಿಯಾಚೆ ನೋಡೋದಲ್ಲ ಅಂತ ಏನು ಗ್ಯಾರಂಟಿ?”

ಅವನ ಕೈ ತಾನಾಗಿ ಟೋಪಿಯ ಅಂಚಿಗೆ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಎಂದು ಅತ್ತೆ ನನ್ನತ್ತ ಹುಬ್ಬು ಹಾರಿಸಿದಳು. ಕನ್ನಡಿ ಜಪ್ತಿಯಾಯಿತು. ಮರುದಿನ ವಿಮಾನ ಹೋದದ್ದು ಇನ್ನೂ ನೇರ.

ಮನೆಯಲ್ಲಿ ತಾಯಿ ಮಗಳಿಗೆ ಮಾತು ನಿಂತಿತು. “ನನ್ನ ಗಂಡನ್ನ ಕಳ್ಳ ಅಂತೀಯಾ?” ಎಂದು ಮಗಳು. “ಕಳ್ಳ ಅಲ್ಲ ಅಂತ ಗೊತ್ತಾಗೋವರೆಗೂ ನೀನು ಆ ಸೀಟಲ್ಲಿ ಕೂರೋ ಹಾಗಿಲ್ಲ” ಎಂದು ತಾಯಿ.

ಬೆಳಗಿನ ಗಾಳಿ ಶಾಂತವೆಂದು ಪಾಠಗಳೆಲ್ಲ ಅಲ್ಲಿಯವರೆಗೆ ಎಳೆಬಿಸಿಲಿನಲ್ಲೇ ನಡೆದಿದ್ದವು. ಒಂದು ದಿನ ಎತ್ತರದಲ್ಲಿ ಬೂದು ಮೋಡ ಹಾಸಿಗೆಯಂತೆ ಹರಡಿತ್ತು. ಕೆಳಗೆ ನೆಲ ಚೆನ್ನಾಗಿ ಕಾಣುತ್ತಿತ್ತು, ಹಾರಲು ಅಡ್ಡಿಯಿರಲಿಲ್ಲ. ಅತ್ತೆ ಹಿಂದಿನ ದಿನದಂತೆಯೇ ಟೋಪಿ ಹಾಕಿಸಿದಳು. ಸ್ವಲ್ಪ ಹೊತ್ತಿಗೆ ಎಡ ರೆಕ್ಕೆ ಮೆಲ್ಲಗೆ ಇಳಿಯಿತು. ಅಳಿಯ ಹಾಲು ಕುಡಿದ ಬೆಕ್ಕಿನಷ್ಟು ನಿಶ್ಚಿಂತ. ಎತ್ತರ ಕಡಿಮೆಯಾಗುತ್ತಿದೆಯೆಂದು ವಿಮಾನದ ಮೂತಿ ಎತ್ತುವ ಹಿಡಿ ಎಳೆದ, ಸುತ್ತು ಇನ್ನೂ ಬಿಗಿಯಾಯಿತು. ಕೆಳಗಿನಿಂದ ನೋಡುತ್ತಿದ್ದ ನನಗೆ, ಯಾರೋ ಆಕಾಶಕ್ಕೆ ಸ್ಕ್ರೂ ಬಿಗಿಯುತ್ತಿರುವಂತೆ ಕಂಡಿತು.

ನೆಲದ ಮೇಲೆ ಅಳಿಯಂದಿರೇ ಎನ್ನುವ ಅತ್ತೆ ಗಾಳಿಯಲ್ಲಿ ಯಾರಿಗೂ ಮರ್ಯಾದೆ ಕೊಟ್ಟವಳಲ್ಲ.

“ಹೇಗಿದೀವೋ?”

“ನೇರ ಇದೀವಿ ಅತ್ತೆ.”

“ಟೋಪಿ ತೆಗಿ.”

ತೆಗೆದರೆ ಕಿಟಕಿಯ ತುಂಬ ಹೊಲಗದ್ದೆಗಳು ಗೋಡೆಯಂತೆ ನಿಂತಿದ್ದವು. ಅತ್ತೆ ವಿಮಾನವನ್ನು ನೆಟ್ಟಗೆ ಮಾಡಿ ಇಳಿಸಿದಳು. ಅಳಿಯ ಇಳಿದು ಚಕ್ರ ಹಿಡಿದುಕೊಂಡೇ ಕೂತ.

“ಆಣೆ ಮಾಡಿ ಹೇಳ್ತೀನಿ, ಯಾವತ್ತೂ ಕದ್ದು ನೋಡ್ಲಿಲ್ಲ.”

“ಹಾಗಾದ್ರೆ ಇವತ್ತೇನು ಬಂತು ದೊಡ್ಡರೋಗ?”

ಅಷ್ಟರಲ್ಲಿ ಮೋಡ ಸೀಳಿ ಬಿಸಿಲು ಬಿತ್ತು. ಅಳಿಯನ ಖಾಲಿ ಸೀಟಿನ ಮೇಲೆ ಒಂದು ಚೌಕ ಬೆಳಕು ಬಂದು ಕೂತಿತು. ಅತ್ತೆ ಅದನ್ನೇ ದಿಟ್ಟಿಸಿ, “ಹತ್ತಿ ಕೂತ್ಕೊಳ್ಳಿ. ಏ ರೇಡಿಯೋ, ಬಾಲ ತಳ್ಳು” ಎಂದಳು. ನಾನೂ, ಕೆಳಗೆ ಕಾದು ನಿಂತಿದ್ದ ಮಗಳೂ ಬಾಲ ಹಿಡಿದು ವಿಮಾನವನ್ನು ಗಾಣದಂತೆ ತಿರುಗಿಸಿದೆವು. ಅಳಿಯನ ಬಿಳಿ ಪ್ಯಾಂಟಿನ ಮೇಲೆ ಬಿಸಿಲು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಜಾರಿತು.

ಅವನು ಬಾಯಿ ತೆರೆದ. “ಹೌದಲ್ವಾ! ಟೋಪಿ ಕೆಳಗೆ ಬಿಸಿಲು ಜಾರೋದು ಕಂಡ್ರೆ ಕೈ ತಾನೇ ತಿದ್ಕೋತಿತ್ತು. ಗೊತ್ತೇ ಇರ್ಲಿಲ್ಲ.”

“ಕಳ್ಳ ಆಗಿದ್ರೆ ಎಷ್ಟೋ ವಾಸಿಯಿತ್ತು,” ಎಂದಳು ಅತ್ತೆ, ಕನ್ನಡಿ ಹಿಂದಿರುಗಿಸುತ್ತ. “ಕಳ್ಳನಿಗೆ ತಾನು ಕದೀತೀನಿ ಅಂತಾದ್ರೂ ಗೊತ್ತಿರುತ್ತೆ. ಮೋಡದೊಳಗೆ ಬಿಸಿಲು ಯಾರು ಕೊಡ್ತಾರೆ?”

ಆ ಸಂಜೆ ತಾಯಿ ಮಗಳು ಮಾತಾಡಿದರು.

ಆಮೇಲಿನ ಪಾಠಗಳಿಗೆ ಅಳಿಯ ಎಕ್ಸ್‌ರೇ ಕೋಣೆಯ ಕಪ್ಪು ಪರದೆ ತಂದು, ಹಳೇ ಕಾಲದ ಫೋಟೋದವನಂತೆ ತಲೆಯ ಮೇಲಿಂದ ಮುಳ್ಳುಗಳ ತನಕ ಹೊದ್ದುಕೊಂಡ. ಒಳಗೆ ಬೆಳಕಿಗೆ ಹಲ್ಲು ನೋಡುವ ಹಣೆದೀಪ. ಅತ್ತೆ ಹೇಳಿರಲಿಲ್ಲ. ಬಿಸಿಲಿನ ಮೇಲೆ, ತನ್ನ ತೊಡೆಯ ಮೇಲೆ ಅವನಿಗೇ ಗುಮಾನಿ ಹುಟ್ಟಿತ್ತು. ವಿಮಾನ ವಾರಗಟ್ಟಲೆ ತೂರಾಡಿತು, ಆಮೇಲೆ ನೆಟ್ಟಗಾಯಿತು. ಪರದೆಯ ಅಂಚೆತ್ತಿ ಕದ್ದು ಕದ್ದು ನೋಡುತ್ತಿದ್ದವಳು ಈಗ ಅತ್ತೆಯೇ. ಕಡೆಗೊಮ್ಮೆ ಹೂಂ ಅಂದಳು.

ಪರೀಕ್ಷೆ ಮುಗಿದು, ಗುಡ್ಡ ದಾಟುವ ದಿನ ಬಂತು. ಮಗಳು ಪಕ್ಕದ ಸೀಟು ಹತ್ತಿದಳು. ವಿಮಾನ ಮೋಡದೊಳಗೆ ಮಾಯವಾದಾಗ ಅತ್ತೆ ನನ್ನ ಕೋಣೆಯ ಬಾಗಿಲಿನ ಚೌಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಇಂದಿಗೂ ಆ ಬಾಗಿಲು ಮುಚ್ಚುವುದಿಲ್ಲ. ರೇಡಿಯೋ ಗೊರಗೊರ ಎಂದಿತು. “ಮೋಡದ ಮೇಲಿದೀವಿ. ಎಲ್ಲ ಸರಿಯಿದೆ.”

ನಾನು ಉಸಿರು ಬಿಟ್ಟೆ. ಅತ್ತೆ ರೇಡಿಯೋದತ್ತ ಬಗ್ಗಿ, ಕಣ್ಣು ಕಿರಿದು ಮಾಡಿದಳು.

“ಅವನದೇ ದನಿ ತಾನೆ ಅದು? ಇನ್ನೊಂದ್ಸಲ ಹೇಳೋಕೆ ಹೇಳು.”