ಬಿಗಿಯಾದ ಪಟ್ಟಾ, ನಿಲ್ಲದ ಗಾಡಿ

ಗೆಳತಿಯರೇ, ನಗು ತಡೆಯಲು ಆಗುತ್ತಿಲ್ಲ! ಕಾಲುವೆ ಕ್ಯಾಂಪಿನ ಬಂಗಲೆಯ ಹರಾಜಿನಲ್ಲಿ ನಮ್ಮವರು, ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಗಾಡಿ ತಂದಿದ್ದಾರೆ. ಮಸ್ಕಿಯ ನಮ್ಮ ಅಂಗಳದಲ್ಲಿ ಹುಲ್ಲೇ ಇಲ್ಲ. ಹಸಿರೆಂದರೆ ಅತ್ತೆಯ ಮೆಂತ್ಯದ ಮಡಿ ಮಾತ್ರ.

ಇವತ್ತು ಇಂಜಿನ್ ಗುಡುಗಿತು, ಗಾಡಿ ಕದಲಲಿಲ್ಲ. "ಪಟ್ಟಾ ಸಡ್ಲಾಗೈತಿ" ಎಂದು ಇವರು ಬೆಲ್ಟನ್ನು ಬಿಗಿದರು. ಎಷ್ಟು ಬಿಗಿದರೆಂದರೆ, ಹೊರಟ ಗಾಡಿ ಕ್ಲಚ್ ಒತ್ತಿದರೂ ನಿಲ್ಲಲಿಲ್ಲ!

"ನಿಲ್ಲವಲ್ದು!" ಎಂದು ಕೂಗುತ್ತ ಇವರು ತೆರೆದ ಗೇಟಿನತ್ತ ತಿರುಗಿಸಿದರು. ಈ ಮನೆಯಲ್ಲಿ ಗಂಡನ ಹೆಸರು ಹೇಳುವಂತಿಲ್ಲ. "ರೀ, ಕೀಲಿ ಬಂದ್ ಮಾಡ್ರೀ!" ಎಂದು ಕಿರುಚಿದೆ.

ನಾನು ಹೇಳಿದ್ದು ಗಾಡಿಯ ಚಾವಿ; ಇಲ್ಲಿ ಕೀಲಿ ಎಂದರೆ ಬೀಗವಂತೆ. ಗೇಟಿನ ಬಳಿಯಿದ್ದ ಮಾವ ತಮಗೇ ಹೇಳಿದೆನೆಂದು ಗೇಟು ಮುಚ್ಚಿ ಬೀಗ ಜಡಿದರು. "ಹಾಕೀನಿ ಯವ್ವಾ!"

ದಾರಿಯಿಲ್ಲದ ಗಾಡಿ ತಿರುಗಿ ಮೆಂತ್ಯಕ್ಕೆ ನುಗ್ಗಿತು. ಅತ್ತೆ ಎದೆ ಬಡಿದುಕೊಂಡರು: "ಹೆಸರು ಹಿಡಿದು ಕರಿಯವ್ವಾ, ನನ್ನ ಪಲ್ಲೆ ಹೊಂಟತು!"

"ಶರಣಪ್ಪಾ, ಚಾವಿ ತಿರುವ್ರೀ!"

ತಿರುವಿದರು. ನಿಂತಿತು. ಅರ್ಧ ಮಡಿ ಬಂಗಲೆಯ ಲಾನಿನಂತೆ ಸಮವಾಗಿತ್ತು.

ಅತ್ತೆಯ ಅಪ್ಪಣೆಯಾಗಿದೆ: ಗಾಡಿ ಓಡುವಾಗ ಮಾತ್ರ ನಾನು ಹೆಸರು ಕರೆಯಬಹುದು. ನಾಳೆಯಿಂದ ಪಟ್ಟಾ ನಾನೇ ಬಿಗಿಯುತ್ತೇನೆ!