ಹೇಳಿ ಹೋಗುವ ದೇವಿ

ಮಡಿಕೇರಿಗೆ ಹೋಗಿ ಏನೇನು ನೋಡಿದೆ ಎಂದು ಊರಲ್ಲಿ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನೋಡಿದ್ದು ರಾಜಾಸೀಟಿನ ಮಂಜು, ಹೋಂ ಸ್ಟೇಯ ತಣ್ಣನೆ ಹಾಸಿಗೆ, ಮತ್ತೆ ಬಸ್ ಸ್ಟ್ಯಾಂಡು. ಉಳಿದದ್ದನ್ನು ನೋಡಲು ನಾನೂ ದೇವಿಯೂ ಅಲ್ಲಿ ನಿಲ್ಲಲಿಲ್ಲ. ಜೊತೆಗೆ ಬಂದವರು ನಿಂತರು, ಅಬ್ಬಿ ಜಲಪಾತದ ಮುಂದೆ ಸಾಲಾಗಿ ಫೋಟೊ ತೆಗೆಸಿಕೊಂಡು ಬಂದರು. ಅವರ ಮೇಲೆ ನನಗೇನೂ ಕೋಪವಿಲ್ಲ.

ನಮ್ಮದು ಮಗು ನೋಡಿಕೊಳ್ಳುವ ಕೆಲಸ. ಹೊನ್ನಾವರಕ್ಕೆ ಬ್ಯಾಂಕು, ಆಸ್ಪತ್ರೆ, ಹೆದ್ದಾರಿ ಕೆಲಸ ಎಂದು ಹೊರಗಿನಿಂದ ಬರುವ ಗಂಡ ಹೆಂಡಿರ ಮನೆಯಲ್ಲಿ ಅಲ್ಲೇ ಉಂಡು, ಅಲ್ಲೇ ಮಲಗಿ, ಅವರ ಮಗುವನ್ನು ಸಾಕುವುದು. ಊರಿನವರು ಆಯಾ ಎನ್ನುತ್ತಾರೆ. ಮನೆಯವರು 'ನಮ್ಮ ಮನೆಯವಳೇ' ಎನ್ನುತ್ತಾರೆ, ಬಂದವರೆದುರು ಮಾತ್ರ. ನಾನು ಗಾಯತ್ರಿ, ಮಾವಳ್ಳಿಯವಳು. ಪಿಯುಸಿ ಮುಗಿಸಿದ್ದೇನೆ, ಬಾಯಿ ಸ್ವಲ್ಪ ಜೋರು. ಆ ಬಾಯಿಯ ದೆಸೆಯಿಂದಲೇ ಎರಡು ಮನೆ ತಪ್ಪಿಹೋಗಿದೆ.

ದೇವಿ ನನ್ನ ಹಾಗಲ್ಲ. ಹೊಳೆಯ ನಡುವಿನ ಮಾವಿನಕುರ್ವೆಯವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಗಂಡ ಮಹಾಬಲ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ. ದಿನಾ ಹೊರಡುವಾಗ ಬಾಗಿಲಲ್ಲಿ ನಿಂತು 'ಬತ್ತೆ', ಅಂದರೆ ಹೋಗಿ ಬರುತ್ತೇನೆ, ಎನ್ನುತ್ತಿದ್ದನಂತೆ. ಒಂದು ದಿನ ಅವಳಿಗೆ ಜ್ವರ. ನಿದ್ದೆ ಕೆಡಿಸುವುದು ಬೇಡವೆಂದು ಸದ್ದಿಲ್ಲದೆ ಎದ್ದು ಹೋದ. ಅಳಿವೆಯಲ್ಲಿ ದೋಣಿ ಮಗುಚಿತು. ಮಕ್ಕಳಿರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಕೆಲವು ಕಾಲ ಇದ್ದಳು, ಆಮೇಲೆ ಚಂದನಾ ಮೇಡಮ್ಮಿನ ಮನೆ ಸೇರಿದಳು.

ಚಂದನಾ ಮೇಡಂ ಬ್ಯಾಂಕಿನಲ್ಲಿ ಆಫೀಸರು, ಮೈಸೂರಿನ ಕಡೆಯವರು. ಗಂಡನೂ ಬ್ಯಾಂಕಿನವರೇ. ಕೂಸು ಇನ್ನೂ ತೊಟ್ಟಿಲಲ್ಲಿದ್ದಾಗ ವರ್ಗವಾಗಿ ಬಂದು, ವೆಂಕಟ್ರಮಣ ಮಾಸ್ತರರ ಮನೆಯ ಕೆಳಮಹಡಿ ಬಾಡಿಗೆಗೆ ಹಿಡಿದರು. ಸಾಮಾನಿನ ಲಾರಿ ಬರುವ ಮೊದಲೇ ದೇವಿ ಆ ಮನೆಗೆ ಕಾಲಿಟ್ಟಿದ್ದಳು. ಮಗುವಿನ ಹೆಸರು ಅದಿತಿ. ದೇವಿಗೆ ಪಾಪು.

ಸಂಜೆ ನಾವೆಲ್ಲ ಮಕ್ಕಳನ್ನು ಎತ್ತಿಕೊಂಡು ಶಾಲೆಯ ಮೈದಾನದಲ್ಲಿ ಸೇರುತ್ತಿದ್ದೆವು. ಅಲ್ಲಿ ನಮ್ಮ ಕಸುಬಿನ ಗುಟ್ಟುಗಳೆಲ್ಲ ಹೊರಬೀಳುತ್ತಿದ್ದವು. ಮಗುವನ್ನು ಬಿಟ್ಟು ಹೊರಗೆ ಹೋಗಬೇಕಾದರೆ ಕಣ್ಣು ತಪ್ಪಿಸಿ ಹೋಗಬೇಕು, ಇದು ಮೊದಲ ಪಾಠ. ಕುಮಟಾದ ವಿನುತಾ ಮೊಬೈಲಿನಲ್ಲಿ ಕಾರ್ಟೂನು ಹಾಕಿಕೊಡುತ್ತಿದ್ದಳು. ನನ್ನ ಉಪಾಯ ಒಂದು ಪಾತ್ರೆ, ಒಂದು ಸೌಟು. ಬಡಿಯಲು ಕೂರಿಸಿ ಹಿಂದಿನ ಬಾಗಿಲಿಂದ ಹೊರಬೀಳುವುದು. ಸದ್ದು ಕೇಳುತ್ತಿರುವವರೆಗೆ ಮಗುವಿಗೆ ಗೊತ್ತಾಗಿಲ್ಲ ಎಂದರ್ಥ. ಸದ್ದು ನಿಂತಿತೋ, ಕಾಲು ಬೇಗ ಹಾಕಬೇಕು.

ದೇವಿ ಮಾತ್ರ ಇದಕ್ಕೆ ಒಪ್ಪಲಿಲ್ಲ. ಮೀನು ತರಲು ಪೇಟೆಗೆ ಹೋಗುವುದಿದ್ದರೂ ಪಾಪುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು 'ಬತ್ತೆ, ಆತಾ?' ಎನ್ನಬೇಕು. ಅದು ಅತ್ತು, ಸೆರಗು ಹಿಡಿದು, ಕೊನೆಗೆ 'ಆತು' ಎಂದ ಮೇಲೆಯೇ ಹೊರಡಬೇಕು.

"ನಿಂಗೆ ಮಳ್ಳು ದೇವಕ್ಕ" ಎಂದಿದ್ದೆ ನಾನು. "ಹೇಳಿ ಅಳ್ಸೂದು ಎಂತಕೆ?"

"ಹೇಳಿ ಹೋದ್ರೆ ಅಳ್ತದೆ. ಹೇಳ್ದೆ ಹೋದ್ರೆ ಹೆದರ್ತದೆ. ಅತ್ತದ್ದು ಒಣಗ್ತದೆ ಗಾಯತ್ರಿ, ಹೆದರಿದ್ದು ಒಳಗೇ ಉಳೀತದೆ" ಎಂದಳು.

ಮಡಿಕೇರಿಯ ತಿರುಗಾಟ ವಿನುತಾಳ ಹುಚ್ಚು. ಎರಡನೇ ಶನಿವಾರ ಬ್ಯಾಂಕಿಗೆ ರಜೆ, ಮರುದಿನ ಭಾನುವಾರ, ಮಕ್ಕಳ ತಂದೆ ತಾಯಿ ಮನೆಯಲ್ಲೇ ಇರುತ್ತಾರೆ, ನಮ್ಮನ್ನು ಬಿಡಲಿ ಎಂದು ಎಲ್ಲರ ಮನೆಯಲ್ಲೂ ಕೇಳಿಸಿದಳು. ನನ್ನ ಮನೆಯವರು ಒಂದು ವಾರ ಮುಖ ಊದಿಸಿಕೊಂಡು ಒಪ್ಪಿದರು. ಚಂದನಾ ಮೇಡಂ ಮಾತ್ರ ಕೇಳಿದ ಕೂಡಲೇ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ತಮ್ಮ ಸ್ವೆಟರು ಕೊಟ್ಟರು, ಟೆಂಪೊದ ಪಾಲನ್ನೂ ತಾವೇ ಕೊಟ್ಟರು. "ಆರಾಮಾಗಿ ಹೋಗ್ಬಿಟ್ ಬಾ ದೇವಿ. ನೀನೂ ಸ್ವಲ್ಪ ಊರು ನೋಡ್ಬೇಕಲ್ವಾ" ಎಂದರು. ದೇವಿಯ ಅತ್ತೆ ಸತ್ತಾಗ ಸಂಜೆಯೊಳಗೆ ಬರಬೇಕೆಂದು ಕಳಿಸಿದ ಹೆಂಗಸು ಇವರೇ.

"ಅತಿ ವಿನಯ ಧೂರ್ತ ಲಕ್ಷಣ. ನಿಮ್ ಮೇಡಮ್ಮಿನ ಮೈಮೇಲೆ ಎಂತ ದೇವ್ರು ಬಂತೆ?" ಎಂದು ನಾನು ಚುಡಾಯಿಸಿದೆ. ಎಲ್ಲರೂ ನಕ್ಕರು, ದೇವಿಯೂ ನಕ್ಕಳು.

ಶುಕ್ರವಾರ ಸಂಜೆ ಡ್ರೈವರ್ ನರೇಶನ ಟೆಂಪೊ ಬಾಗಿಲಿಗೆ ಬಂದಾಗ ದೇವಿ ಪಾಪುವಿನ ಮುಂದೆ ಕೂತಿದ್ದಳು. ತಾನು ಉಟ್ಟು ಮೆತ್ತಗಾದ ಹಳೆಯ ವಾಯಿಲ್ ಸೀರೆಯನ್ನು ಅದರ ಕೈಗೆ ಕೊಟ್ಟಳು. ರಾತ್ರಿ ಅದನ್ನು ಮುಖಕ್ಕೆ ಒತ್ತಿಕೊಂಡರೆ ಮಗುವಿಗೆ ನಿದ್ದೆ ಬರುತ್ತಿತ್ತು. "ಎರಡ್ ರಾತ್ರಿ ಮಲಗಿ ಏಳು. ಮತ್ತೆ ನಾ ಬತ್ತೆ, ಆತಾ?" ಎಂದಳು. ಮಗು ಮೂಗು ಸುರಿಸುತ್ತ ಬಹಳ ಹೊತ್ತಿನ ಮೇಲೆ "ಆತು" ಎಂದಿತು. ಮೇಡಂ ಒಳಗೆ ಹೋಗಿಬಿಟ್ಟರು. ಕರುಳು ಚುರುಕ್ ಅಂದಿರಬೇಕು ಎಂದುಕೊಂಡೆ ನಾನು.

ಮಡಿಕೇರಿಯಲ್ಲಿ ನಾವು ಮಕ್ಕಳಿಲ್ಲದೆ ನಡೆಯಲು ಬಾರದವರಂತೆ ನಡೆದೆವು. ರಾಜಾಸೀಟಿನಲ್ಲಿ ಯಾರದೋ ಮಗು ಎಡವಿದರೆ ನಾವಷ್ಟೂ ಮಂದಿ ಒಟ್ಟಿಗೆ ಕೈ ಚಾಚಿದೆವು. ಅದರ ತಾಯಿ ನಮ್ಮನ್ನು ಮಕ್ಕಳ ಕಳ್ಳರನ್ನು ನೋಡಿದ ಹಾಗೆ ನೋಡಿದಳು. ದೇವಿ ಪಾಪುವಿಗೆಂದು ಕಿವಿ ಮುಚ್ಚುವ ಉಣ್ಣೆ ಟೊಪ್ಪಿಯೊಂದನ್ನು ಕೊಂಡಳು. ಹೊನ್ನಾವರದ ಸೆಕೆಗೆ ಉಣ್ಣೆ ಟೊಪ್ಪಿ! ವಿನುತಾ ಬಿದ್ದು ಬಿದ್ದು ನಕ್ಕಳು.

ಸಂಜೆ ದೇವಿ ಮೇಡಮ್ಮಿಗೆ ಫೋನು ಮಾಡಿದಳು. ಮಗು ಮಲಗಿದೆ ಎಂದರು. ಮುಖ ತೋರಿಸಿ ಎಂದರೆ, ಎಚ್ಚರವಾಗುತ್ತದೆ, ಬೇಡ ಎಂದು ಇಟ್ಟುಬಿಟ್ಟರು. ದೇವಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತೇ ಇದ್ದಳು.

"ಎಂತ ಆತು?" ಎಂದೆ.

"ಮೇಡಮ್ಮಿನ ದನಿ ಗೋಡೆಗೆ ಬಡ್ದು ಬತ್ತಿತ್ತು" ಎಂದಳು. "ಸಾಮಾನಿದ್ದ ಮನೇಲಿ ಹಾಂಗೆ ಬರೂದಿಲ್ಲ. ಆ ಮನೆಗೆ ನಾ ಹೋದ ಮೊದ್ಲ ದಿನ, ಲಾರಿ ಬರೂಕೆ ಮುಂಚೆ, ಹಾಂಗೇ ಬತ್ತಿತ್ತು."

ವಿನುತಾಳ ನಗು ನಿಂತಿತು. ಅವಳ ಚಿಕ್ಕಮ್ಮನಿಗೂ ಒಂದು ಮನೆಯವರು ವರ್ಗವಾಗಿ ಹೋಗುವಾಗ ಹೀಗೇ ಮಾಡಿದ್ದರಂತೆ. ದೇವರ ದರ್ಶನ ಮಾಡಿಕೊಂಡು ಬಾ ಎಂದು ಕಳಿಸಿದರು, ಪ್ರಸಾದ ಹಿಡಿದು ಬಂದರೆ ಬಾಗಿಲಿಗೆ ಬೀಗ. ಮಗು ಆಯಾಳನ್ನು ಹಿಡಿದು ಅತ್ತರೆ ಹೊರಡುವ ಹೊತ್ತಿಗೆ ರಗಳೆ ಎಂದು. ಹಾವು ಸಾಯಬೇಕು, ಕೋಲು ಮುರಿಯಬಾರದು.

ನನಗೆ ಮೈಯೆಲ್ಲ ಉರಿಯಿತು. ಪಾತ್ರೆ, ಸೌಟು ಕೊಟ್ಟು ಕೂರಿಸಿದ್ದು ನಮ್ಮನ್ನು. ನಾವು ಇಲ್ಲಿ ಗುಡ್ಡದ ಮೇಲೆ ಕೂತು ಬಡಿಯುತ್ತಿದ್ದೆವು, ಅವರು ಅಲ್ಲಿ ಹಿಂದಿನ ಬಾಗಿಲು ತೆಗೆಯುತ್ತಿದ್ದರು.

ಟೆಂಪೊ ತಿರುಗಿಸಲು ನರೇಶ ಒಪ್ಪಲಿಲ್ಲ. ಅವನದೂ ತಪ್ಪಲ್ಲ, ಟೆಂಪೊ ತುಂಬ ಜನ ಆಸೆಯಿಂದ ಬಂದಿದ್ದರು. ಬೆಳಗಾದ ಕೂಡಲೇ ನಾನೂ ದೇವಿಯೂ ಮಂಗಳೂರಿನ ಬಸ್ಸು ಹತ್ತಿದೆವು. ಸಂಪಾಜೆಯ ತಿರುವುಗಳಲ್ಲಿ ನನಗೆ ವಾಂತಿಯಾಯಿತು. ದೇವಿ ಮುಂದಿನ ಸೀಟಿನ ಕಂಬಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. ಮತ್ತೆ ಮತ್ತೆ ಫೋನು ಮಾಡಿದಳು. ಆ ಕಡೆಯಿಂದ ಪ್ರತಿ ಸಲವೂ ಕಟ್ ಮಾಡಿದರು.

"ಸಿಕ್ರೆ ಎಂತ ಹೇಳ್ತಿ ಆ ಹೆಂಗ್ಸಿಗೆ? ನೀ ಸುಮ್ನಿರು, ನಾ ಹೇಳ್ತೆ" ಎಂದೆ.

"ಅವ್ರಿಗೆ ಎಂತದೂ ಹೇಳೂದಿಲ್ಲ. ಅವ್ರ ಮಗು, ಕರ್ಕಂಡ್ ಹೋಗ್ಲಿ." ಚೀಲದಿಂದ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು, "ಪಾಪುಗೆ ಹೇಳ್ಬೇಕು. ನಾ ಬತ್ತೆ ಅಂದಿದ್ದೆ. ಇನ್ನು ಬರೂದಿಲ್ಲ, ಕಾಯ್ಬೇಡ ಅಂತ ಹೇಳ್ಬೇಕು. ಅಷ್ಟೇ."

ಆ ಅಷ್ಟಕ್ಕಾಗಿ ನಾವು ಇಡೀ ಕರಾವಳಿ ದಾಟಿದೆವು. ಮಂಗಳೂರಿನಲ್ಲಿ ಬಸ್ಸು ಬದಲಿಸಿದೆವು. ಉಡುಪಿ ಹೋಯಿತು, ಕುಂದಾಪುರ ಹೋಯಿತು. ಭಟ್ಕಳ ದಾಟಿ ನಮ್ಮ ಮಾವಳ್ಳಿಯ ಮುಂದಿನಿಂದಲೇ ಬಸ್ಸು ಹೋದಾಗ ನನಗೆ ಇಳಿದುಬಿಡುವ ಮನಸ್ಸಾಯಿತು. ಮುಂದೆ ಏನು ಕಾಣುತ್ತದೋ ಎಂಬ ಭಯ, ಮತ್ತೇನಲ್ಲ. ದೇವಿ ಟೊಪ್ಪಿಯ ಉಣ್ಣೆಯ ಗೊಂಡೆಯನ್ನು ತಿರುವುತ್ತ ತಿರುವುತ್ತ ಹೊನ್ನಾವರ ಬರುವಷ್ಟರಲ್ಲಿ ಕಿತ್ತೇಬಿಟ್ಟಿದ್ದಳು.

ಮಾಸ್ತರರ ಗೇಟು ತೆರೆದಿತ್ತು. ಕೆಳಮಹಡಿಯ ಕಿಟಕಿಗಳಿಗೆ ಪರದೆ ಇರಲಿಲ್ಲ. ಅಂಗಳದಲ್ಲಿ ಸಾಮಾನು ಕಟ್ಟಿದ ರಟ್ಟಿನ ಚೂರುಗಳು ಬಿದ್ದಿದ್ದವು. ಮಾಸ್ತರರು ಮೇಲಿನಿಂದ ಇಳಿದು ಬಂದರು, ಕೈಯಲ್ಲಿ ಒಂದು ಚೀಲ.

"ಊಟ ಮುಗ್ಸ್ಕಂಡು ಹೊರಟ್ರು. ಲಾರಿ ನಿನ್ನೆನೇ ಹೋತು" ಎಂದರು. ದೇವಿಯ ಮುಖ ನೋಡಿ ಅವರ ದನಿ ಇಳಿಯಿತು. "ನಿಂಗೆ ಗೊತ್ತಿತ್ತಲ್ಲ? ನಿಂಗೆ ಹೇಳಿಯೇ ಕಳ್ಸಿದ್ದು ಅಂದ್ರು ನಮ್ಗೆ."

ಚೀಲದಲ್ಲಿ ದೇವಿಯ ಬಟ್ಟೆ, ಸಂಬಳದ ಲಕೋಟೆ, ಒಂದು ಹೊಸ ಸೀರೆ. ಎಲ್ಲದರ ಅಡಿಯಲ್ಲಿ ಆ ಹಳೆಯ ವಾಯಿಲ್ ಸೀರೆ, ತೊಳೆದು, ಇಸ್ತ್ರಿ ಮಾಡಿ, ಅಂಗಡಿಯದರಂತೆ ಮಡಚಿ ಇಟ್ಟಿದ್ದರು. ದೇವಿ ಅದನ್ನು ಮೂಗಿಗೆ ಹಿಡಿದಳು. ಸಾಬೂನಿನ ವಾಸನೆ ಪಕ್ಕದಲ್ಲಿ ನಿಂತಿದ್ದ ನನಗೂ ಬಂತು.

ಮಾಸ್ತರರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ತಡೆಯಲಾರದೆ ಹೇಳಿಬಿಟ್ಟರು. "ಕಾರು ಹತ್ತೂಕೆ ಕೇಳ್ಲಿಲ್ಲ ಮಾರಾಯ್ತಿ ಅದು. ಈ ಗೇಟಿನ ಸರಳು ಹಿಡ್ಕಂಡು, ದೇವಿ ಬತ್ತಾಳೆ, ದೇವಿ ಬತ್ತಾಳೆ ಅಂತಿತ್ತು. ಕಡೆಗೆ ಅದ್ರ ಅಮ್ಮ, ದೇವಿ ಕಾರಲ್ಲೇ ಇದ್ದಾಳೆ ಬಾ ಅಂದ್ರು. ನಗಾಡ್ತಾ ಓಡಿ ಹೋಗಿ ಹತ್ತಿತು."

ನಾನು ಆ ಹೆಂಗಸಿಗೆ ಬಾಯಿಗೆ ಬಂದಂತೆ ಬೈದೆ. ಗೇಟಿಗೆ, ಖಾಲಿ ಕಿಟಕಿಗೆ, ಮಾಸ್ತರರಿಗೂ ಬೈದೆ. ದೇವಿ ಅಳಲಿಲ್ಲ. ಟೊಪ್ಪಿಯನ್ನು ಮಾಸ್ತರರ ಮುಂದೆ ಹಿಡಿದು, ಪೋಸ್ಟಿನಲ್ಲಿ ಕಳಿಸಲು ವಿಳಾಸವಿದೆಯೇ ಎಂದು ಕೇಳಿದಳು. ಅವರು ತಲೆಯಾಡಿಸಿದರು, ಕೊಟ್ಟಿಲ್ಲ.

ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ಬೆಂಚಿನ ಮೇಲೆ ಕೂತು ಕೇಳಿದಳು, "ಗಾಯತ್ರಿ, ಕಾರಲ್ಲಿ ನಾ ಇಲ್ಲ ಅಂತ ಅದ್ಕೆ ಎಷ್ಟ್ ಹೊತ್ತಿಗೆ ಗೊತ್ತಾಗಿರ್ಬಹುದೆ? ಗೇಟಲ್ಲೇ ಗೊತ್ತಾಯ್ತೊ, ಸೇತುವೆ ದಾಟಿದ ಮೇಲೊ?"

ವಾರದ ಮೇಲೆ ಮೇಡಂ ಒಮ್ಮೆ ಫೋನು ಎತ್ತಿದರಂತೆ. "ಈಗ ಅಡ್ಜಸ್ಟ್ ಆಗ್ತಿದ್ದಾಳೆ ದೇವಿ, ಮತ್ತೆ ಮತ್ತೆ ಮಾಡಿ ನೆನಪು ಮಾಡ್ಸ್ಬೇಡ" ಎಂದರಂತೆ. ದೇವಿ ಮತ್ತೆ ಮಾಡಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯ ಬೈಗುಳ ತಿಂದುಕೊಂಡು, ಮಳೆಗಾಲದವರೆಗೆ ಮೀನು ಒಣಗಿಸುವಲ್ಲಿ ಕೂಲಿ ಮಾಡಿದಳು. ಆಮೇಲೆ ವಿನುತಾ ಕುಮಟಾದಲ್ಲಿ ಒಂದು ಮನೆ ಹುಡುಕಿಕೊಟ್ಟಳು. ಡಾಕ್ಟರರ ಮನೆ, ಒಂದೂವರೆ ವರ್ಷದ ಗಂಡುಮಗು.

ಹೋದ ತಿಂಗಳು ನಾನು ಕುಮಟಾಕ್ಕೆ ಹೋದವಳು ಅವಳನ್ನು ಕಂಡು ಬರೋಣವೆಂದು ಆ ಮನೆಗೆ ಹೋದೆ. ಡಾಕ್ಟರರ ತಾಯಿ ಒಳಗೆ ಟಿವಿ ನೋಡುತ್ತಿದ್ದರು. ಮಗು ದೇವಿಯ ಸೆರಗಿಗೆ ಜೋತುಬಿದ್ದಿತ್ತು. ಚೆಂದದ ಮಗು, ಗಲ್ಲದಲ್ಲಿ ಗುಳಿ. ಅವಳು ಅದಕ್ಕೆ ಹೊತ್ತಿಗೆ ಸರಿಯಾಗಿ ಉಣ್ಣಿಸಿದಳು, ಬಾಯಿ ಒರೆಸಿದಳು. ಆದರೆ ಮುಖಕ್ಕೆ ಮುಖ ಕೊಡಲಿಲ್ಲ. "ಪೇಟೆಗೆ ಹೋಗೂದಿತ್ತು, ಒಟ್ಟಿಗೇ ಹೋಪ" ಎಂದು ನನಗೆ ಮೆಲ್ಲಗೆ ಹೇಳಿ ಅಡುಗೆಮನೆಗೆ ಹೋದಳು.

ಬರುವಾಗ ಅವಳ ಕೈಯಲ್ಲಿ ಒಂದು ಸ್ಟೀಲ್ ಪಾತ್ರೆಯೂ ಸೌಟೂ ಇದ್ದವು.

ಮಗುವನ್ನು ಅಜ್ಜಿಯ ಕಾಲಬುಡದಲ್ಲಿ ಕೂರಿಸಿ ಸೌಟನ್ನು ಅದರ ಮುಷ್ಟಿಗೆ ಕೊಟ್ಟಳು. ಅದು ಕೇಕೆ ಹಾಕಿ ಬಡಿಯತೊಡಗಿತು. ನಾವು ಹಿಂದಿನ ಬಾಗಿಲಿಂದ ಹೊರಗೆ ಬಂದೆವು. ನನಗೆ ತಡೆಯಲಾಗಲಿಲ್ಲ.

"ದೇವಕ್ಕ, ನೀನಾ? ಬತ್ತೆ ಅಂತ ಒಂದ್ ಮಾತು ಹೇಳೂಕಾಗ್ಲಿಲ್ವಾ?"

"ಹೇಳಿದ್ರೆ ಕಾಯ್ತದೆ" ಎಂದಳು.

ಗೇಟಿನ ಚಿಲಕವನ್ನು ಎರಡು ಬೆರಳಲ್ಲಿ ಹಿಡಿದು ಸದ್ದಾಗದಂತೆ ಹಾಕಿದಳು. ರಸ್ತೆಗೆ ಬರುವಷ್ಟರಲ್ಲಿ ಹಿಂದೆ ಪಾತ್ರೆಯ ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ದೇವಿ ಕಾಲು ಬೇಗ ಹಾಕಿದಳು.