ಪಟಾಕಿ ಓದಿದ ಶಟ್‌ಡೌನ್ ಚರಿತ್ರೆ

ನಮ್ಮ ಗ್ರಂಥಾಲಯದ ಕಂಪ್ಯೂಟರ್ ಆಪರೇಟರಿಗೆ ನಾವಿಟ್ಟ ಹೆಸರು ಪಟಾಕಿ. ಆಳು ಕುಳ್ಳಿ, ಬಾಯಿ ಮಾತ್ರ ಊರಗಲ. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಹತ್ತು ವರ್ಷದಿಂದ ಅವಳ ಪಕ್ಕದಲ್ಲೇ ಕೂತಿದ್ದೇನೆ. ನನಗಿನ್ನೂ ಕಿವಿ ಕೇಳಿಸುತ್ತಿರುವುದೇ ದೊಡ್ಡದು. ಆದರೆ ಕೆಲಸದಲ್ಲಿ ಅವಳದು ಎತ್ತಿದ ಕೈ, ಅದನ್ನು ಒಪ್ಪಲೇಬೇಕು.

ಹೋದ ತಿಂಗಳಿಂದ ಕಂಪ್ಯೂಟರು ಕೆಲಸದ ಮಧ್ಯೆ ಫಟ್ಟನೆ ಆರಿಹೋಗತೊಡಗಿತು. ಅರ್ಧ ತುಂಬಿಸಿದ ಪುಸ್ತಕಪಟ್ಟಿ ಮಾಯ! ಪಟಾಕಿ ಸಿಡಿದದ್ದು ಕಸ ಗುಡಿಸುವ ಅಕ್ಕನ ಮೇಲೆ.

"ನೆಲ ಒರೆಸೋವಾಗ ವಯರು ಎಳೆದು ಸಡಿಲ ಮಾಡಿ ಹೋಗ್ತೀರಲ್ಲ ಅಕ್ಕಾ, ಕಣ್ಣು ಕಾಣಲ್ವಾ?" ಎಂದು ಓದುವ ಕೋಣೆಯಲ್ಲಿ ಎಲ್ಲರೆದುರು ಕೂಗಿದಳು.

ನಾನು ಆ ಕಡೆ ಕೈಯೇ ಹಾಕಿಲ್ಲ ಎಂದು ಅಕ್ಕ ಬಡಕೊಂಡರೂ ಕೇಳುವವರು ಯಾರು? ನಾಳೆಯಿಂದ ನೀವು ಬರೋದು ಬೇಡ ಎಂದುಬಿಟ್ಟರು ನಮ್ಮ ಲೈಬ್ರರಿಯ ಸಾಹೇಬರು.

ನನಗೆ ರೇಗಿಹೋಯಿತು. "ಅಲ್ಲಮ್ಮಾ, ತಾನು ಯಾವಾಗ ಹತ್ತಿದೆ, ಯಾವಾಗ ಆರಿದೆ ಅಂತ ಆ ಡಬ್ಬಾನೇ ಬರ್ಕೊಂಡಿರುತ್ತೆ ಅಂತ ಜಂಬ ಕೊಚ್ಚಿದ್ಯಲ್ಲ? ತೆಗೆದು ನೋಡು!"

"ನೋಡೇ ಬಿಡ್ತೀನಿ ಅಣ್ಣಾ," ಎಂದು ಅವಳು ಲಿನಕ್ಸಿನ ಕಪ್ಪು ಪರದೆ ತೆರೆದು ಏನೋ ಟೈಪಿಸಿದಳು. ಇಡೀ ತಿಂಗಳ ಚರಿತ್ರೆ ಸಾಲುಸಾಲಾಗಿ ಬಂತು: ಯಾವತ್ತು ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಕೊನೆ. ಸರಿಯಾಗಿ ಆರಿಸಿದ್ದರೆ ಶಟ್‌ಡೌನ್ ಎಂದು ದಾಖಲಾಗಿರುತ್ತದೆ, ಕರೆಂಟು ಕಿತ್ತು ಸತ್ತಿದ್ದರೆ ಇರುವುದಿಲ್ಲ ಎಂದು ನನಗೆ ಪಾಠವನ್ನೂ ಮಾಡಿದಳು.

ಮಗಳ ಹೆರಿಗೆಗೆಂದು ಅಕ್ಕ ರಜೆಯಲ್ಲಿದ್ದ ವಾರ ಅದು ಮೂರು ಸಲ ಸತ್ತಿತ್ತು. ಪಟಾಕಿ ಜ್ವರದಿಂದ ಮಲಗಿ, ಅವಳ ಕುರ್ಚಿಯಲ್ಲಿ ನಾನು ಕೂತ ನಾಲ್ಕು ದಿನ ಒಂದು ಸಲವೂ ಸತ್ತಿರಲಿಲ್ಲ.

ಅವಳು ಮೆಲ್ಲಗೆ ಮೇಜಿನ ಕೆಳಗೆ ಬಗ್ಗಿದಳು. ನಾನೂ ಬಗ್ಗಿದೆ. ಕಂಪ್ಯೂಟರಿಗೆ ಕರೆಂಟು ಕೊಡಲು ಹೋದ ತಿಂಗಳು ಬಂದ ಹೊಸ ಯುಪಿಎಸ್ ಮೇಲೆ ಅವಳ ಎರಡೂ ಪಾದ! ನೆಲಕ್ಕೆ ಕಾಲು ಎಟುಕದ ಅವಳಿಗೆ ಅದೇ ಕಾಲ್ಮಣೆಯಾಗಿತ್ತು. ಅದರ ಸ್ವಿಚ್ಚು ಸರಿಯಾಗಿ ಹಿಮ್ಮಡಿಯ ಕೆಳಗಿತ್ತು.

"ಸಾಹೇಬ್ರಿಗೆ ಪರದೆ ಮೇಲಿರೋ ಇದನ್ನ ಓದೋಕೆ ಬರಲ್ಲ ಅಣ್ಣಾ," ಎಂದಳು.

ನಾನು ತಟ್ಟನೆ ಕೇಳಿದೆ: "ಅದಕ್ಕೆ?"

"ಅದಕ್ಕೇ ನಾನೇ ಹೋಗಿ ಓದಿ ಹೇಳ್ಬೇಕು."

ಹೇಳಿದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅಕ್ಕನನ್ನು ಕರೆಸಿ ಕೆಲಸ ಮುಂದುವರಿಸಿ ಎಂದರು. ಸಾಹೇಬರ ಕೋಣೆಯಲ್ಲೇ ಪಟಾಕಿ ಸಾರಿ ಕೇಳಿದಳು. ಅಕ್ಕ ನಗಲಿಲ್ಲ.

"ಬೈದಿದ್ದು ಅಷ್ಟು ಜನರ ಮುಂದೆ. ಸಾರಿ ಮಾತ್ರ ಬಾಗಿಲು ಹಾಕ್ಕೊಂಡಾ ಮೇಡಂ?"

ಪಟಾಕಿಯ ಮುಖ ಕೆಂಪಾಯಿತು. ಅಕ್ಕನ ಕೈ ಹಿಡಿದು ಸೀದಾ ಓದುವ ಕೋಣೆಗೆ ನಡೆದಳು. ಪೇಪರುಗಳ ಹಿಂದೆ ಕೂತಿದ್ದವರೆಲ್ಲ ತಲೆಯೆತ್ತಿದರು.

"ಕಂಪ್ಯೂಟರ್ ಆರಿಸ್ತಿದ್ದಿದ್ದು ನಾನು! ಈ ಅಕ್ಕಂದು ಏನೂ ತಪ್ಪಿಲ್ಲ. ಸುಮ್ಮಸುಮ್ನೆ ಬೈದ್ಬಿಟ್ಟೆ," ಎಂದು ಕೂಗಿದಳು.

"ಶ್... ಲೈಬ್ರರಿ ಇದು, ಮೆಲ್ಲಗೆ," ಎಂದರು ಕನ್ನಡಕದ ಹಿರಿಯರೊಬ್ಬರು.

"ನೀವು ಸುಮ್ನಿರಿ ಯಜಮಾನ್ರೇ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಆ ಮೂಲೇಲಿರೋರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಹೇಳಿ ಮೇಡಂ."